ಉಡುಪಿಯಲ್ಲಿ ದೊಡ್ಡವರಿಗೆ ಈಜು ಕಲಿಸುವ ಬ್ಯಾಚು: ನಾನೂ ಲಂಬುವೂ ಹೋಗಿ ಬಂದ 21 ದಿನ

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಬಟ್ಟೆ ಬದಲಿಸುವ ಕೋಣೆಗೆ, ಅದನ್ನು ಆಮೇಲೆ ಹೇಳುತ್ತೇನೆ. ಈಜು ಬಾರದ ದೊಡ್ಡವರು, ಅದರಲ್ಲೂ ನೀರು ಕಂಡರೆ ಎದೆ ಹಿಡಿದುಕೊಳ್ಳುವವರು ಯಾರಾದರೂ ಇದ್ದರೆ ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತದೆ. ಬರೀ ಫೀಸು, ಟೈಮು ಬರೆದು ಮುಗಿಸೋಣ ಅಂತ ಕೂತಿದ್ದೆ, ಆಗಲಿಲ್ಲ.

ಈಜುಕೊಳದ ಹೆಸರು ಹಾಕುತ್ತಿಲ್ಲ. ಕಲಿಸುವ ಸರ್ "ನನ್ನ ಹೆಸರು ಎಲ್ಲೂ ಬರೆಯಬೇಡಿ ಮಾರಾಯ್ರೆ" ಅಂದಿದ್ದಾರೆ, ಅವರ ಮಾತು ಮೀರಲು ಮನಸ್ಸಿಲ್ಲ. ಬ್ಯಾಚು ಬೆಳಿಗ್ಗೆ ಆರೂವರೆಯಿಂದ ಏಳೂವರೆ, 21 ದಿನ, ಭಾನುವಾರ ರಜೆ. ನಾವು ಸೇರಿದ್ದು 2024ರ ನವೆಂಬರಿನಲ್ಲಿ. ತಲಾ ಎರಡೂವರೆ ಸಾವಿರ ಕೊಟ್ಟೆವು. ಕ್ಯಾಪು, ಗಾಗಲ್ಸು ನಮ್ಮದೇ ತರಬೇಕು. ಬ್ಯಾಚಿನಲ್ಲಿ ಹನ್ನೊಂದು ಜನ ಇದ್ದೆವು, ಅವರಲ್ಲಿ ಅರವತ್ತೆರಡು ವರ್ಷದ ಒಬ್ಬರು ನಿವೃತ್ತ ಟೀಚರಮ್ಮನೂ ಇದ್ದರು, ನಮ್ಮೆಲ್ಲರಿಗಿಂತ ಮೊದಲು ತೇಲಿದವರು ಅವರೇ.

ನಾವು ಅಂದರೆ ನಾನು ಮತ್ತು ಲಂಬು. ಲಂಬು ಅವನ ನಿಜ ಹೆಸರಲ್ಲ, ಆರನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ಇದ್ದ ಅಂತ ಬಿದ್ದ ಹೆಸರು. ಮೂರನೆಯವನು ಕಿನ್ನಿ. ತುಳುವಿನಲ್ಲಿ ಕಿನ್ನಿ ಅಂದರೆ ಚಿಕ್ಕದು, ಮರಿ. ಮೂವರಲ್ಲಿ ಗಿಡ್ಡ ಅವನು, ಬಾಯಿ ಮಾತ್ರ ಜಾಸ್ತಿ. ಕೆಮ್ಮಣ್ಣು ಕಡೆ, ಸ್ವರ್ಣಾ ನದಿಯ ದಂಡೆಯ ಹತ್ತಿರ ನಮ್ಮ ಮೂರು ಮನೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಂದು ಮನೆಯಲ್ಲಿ ಸೀನು ಬರುವಷ್ಟು ಹತ್ತಿರ. ಶಾಲೆಗೆ ಒಟ್ಟಿಗೆ ಹೋಗುವುದು, ಒಟ್ಟಿಗೆ ಬರುವುದು, ಊಟ ಯಾರ ಮನೆಯಲ್ಲಿ ಆಯಿತೋ ಅಲ್ಲೇ. ಅಮ್ಮಂದಿರಿಗೂ ಲೆಕ್ಕ ಇರಲಿಲ್ಲ.

ನಮ್ಮ ಕಡೆ ಹಿಂದೆ ಈಜು ಕಲಿಸಲು ಕೋಚು ಗೀಚು ಯಾರೂ ಇರಲಿಲ್ಲ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಜೋಡಿ ಕಟ್ಟಿ ಹೊಟ್ಟೆಯ ಕೆಳಗೆ ಇಟ್ಟು ಕೆರೆಗೆ ಬಿಡುತ್ತಿದ್ದರು, ಇಲ್ಲವಾದರೆ ಲಾರಿ ಟಯರಿನ ಟ್ಯೂಬು. ನನ್ನ ಚಿಕ್ಕಪ್ಪಂದಿರೆಲ್ಲ ಹಾಗೇ ಕಲಿತವರು. ನಮ್ಮ ಕಾಲಕ್ಕೆ ಕೆರೆಯಲ್ಲಿ ಪಾಚಿ ತುಂಬಿತ್ತು, ಕಲಿಸುವ ವಯಸ್ಸಿನವರೆಲ್ಲ ಬೊಂಬಾಯಿ ಹೋಟೆಲುಗಳಲ್ಲಿದ್ದರು. ನದಿ ಪಕ್ಕ ಹುಟ್ಟಿದ ಮೂವರಿಗೂ ಈಜು ಬರುತ್ತಿರಲಿಲ್ಲ. ಇದು ನಮ್ಮ ಕರಾವಳಿಯಲ್ಲಿ ಈಗಲೂ ಎಷ್ಟೋ ಮನೆಗಳ ಕತೆ.

2001ರ ಮೇ ತಿಂಗಳು, ಒಂಬತ್ತನೇ ಕ್ಲಾಸು ಮುಗಿದ ರಜೆ. ನೀರಿಳಿದ ಹೊತ್ತಿಗೆ ಮರುವಾಯಿ, ಅಂದರೆ ಮರಳಿನಲ್ಲಿ ಸಿಗುವ ಚಿಪ್ಪುಮೀನು, ಹೆಕ್ಕಲು ಹೋಗಿದ್ದೆವು. ಅಳಿವೆಯ ಹತ್ತಿರದ ನದಿಯಲ್ಲಿ ಸಮುದ್ರದ ಜೊತೆಗೇ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ಇಳಿತ ಜಾಸ್ತಿ, ಮೊಣಕಾಲು ನೀರಿನಲ್ಲಿ ಅರ್ಧ ನದಿ ನಡೆದು ಹೋಗಬಹುದು. ಕಾಲಿನಲ್ಲೇ ಮರಳು ಕೆದಕಿ, ಹೆಬ್ಬೆರಳಿಗೆ ಗಟ್ಟಿ ತಾಗಿದರೆ ಬಗ್ಗಿ ತೆಗೆಯುವುದು. ಮೂವರ ನಡುವೆ ಒಂದು ಬಕೆಟು, ಅದು ನಮ್ಮ ಮನೆಯದು, ನೀಲಿ ಬಣ್ಣ.

ಮರಳು ತೆಗೆದ ಗುಂಡಿ ಇತ್ತು ಅಲ್ಲಿ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನೀರು ಎಲ್ಲ ಕಡೆ ಒಂದೇ ಥರ ಹೊಳೆಯುತ್ತದೆ. ಒಂದು ಹೆಜ್ಜೆ ಮೊಣಕಾಲಿಗೆ, ಮುಂದಿನ ಹೆಜ್ಜೆ ತಲೆ ಮೇಲೆ. ಕಿನ್ನಿ ನನಗಿಂತ ಎರಡು ಮಾರು ಮುಂದಿದ್ದ. ತಿರುಗಿ ನೋಡುವಾಗ ಅವನ ಮುಖ ಮಾತ್ರ ನೀರಿನ ಮೇಲಿತ್ತು, ಬಾಯಿ ತೆರೆದು ಮೇಲೆ ನೋಡುತ್ತಿದ್ದ, ಕೈ ಎರಡೂ ನೀರನ್ನು ಕೆಳಗೆ ಒತ್ತುತ್ತಿದ್ದವು. ಕೂಗಲಿಲ್ಲ. ಅವನು ಆಟ ಆಡುತ್ತಿದ್ದಾನೆ ಅಂದುಕೊಂಡು ನಾನು ನಕ್ಕೆ. ಲಂಬು ನಗಲಿಲ್ಲ, ಹೋಗಿ ಕೈ ಹಿಡಿದ. ಹಿಡಿದವನನ್ನೂ ಕಿನ್ನಿ ಕೆಳಗೆ ಎಳೆದ, ಲಂಬು ಒಂದು ಸಲ ಮುಳುಗಿ ಎದ್ದ, ಎರಡನೇ ಸಲ ಅವನ ಕೈ ಜಾರಿತು. ದೋಣಿಯಲ್ಲಿದ್ದ ಒಬ್ಬರು ಬಂದು ಲಂಬುವನ್ನು ಅಂಗಿ ಹಿಡಿದು ಎಳೆದು ಹಾಕಿದರು. ಕಿನ್ನಿ ಸಿಕ್ಕಿದ್ದು ಅರ್ಧ ಗಂಟೆ ಕಳೆದು.

ಬಕೆಟು ಯಾರು ಮನೆಗೆ ತಂದರೋ ಗೊತ್ತಿಲ್ಲ. ಮರುವಾಯಿಯನ್ನು ನೀರಿನಲ್ಲಿ ಬಿಟ್ಟರೆ ಬಾಯಿ ತೆರೆದು ಒಳಗಿನ ಮರಳು ಉಗುಳುತ್ತವೆ, ಚಿಪ್ಪಿಗೆ ಚಿಪ್ಪು ತಾಗಿ ಸಣ್ಣಗೆ ಟಕ್ ಟಕ್ ಅನ್ನುತ್ತದೆ. ಆ ರಾತ್ರಿ ಅಡುಗೆಮನೆ ಹಿಂದಿನಿಂದ ಆ ಸದ್ದು ಕೇಳಿಸುತ್ತಾ ಇತ್ತು. ಬೆಳಿಗ್ಗೆ ಅಮ್ಮ ಬಕೆಟು ಎತ್ತಿಕೊಂಡು ಹೋಗಿ ನದಿಗೆ ಸುರಿದು ಬಂದರು. ಆಮೇಲೆ ನಮ್ಮ ಮನೆಗೆ ಮರುವಾಯಿ ಬಂದಿಲ್ಲ.

ಇದು ಈಜು ಕ್ಲಾಸಿನ ರಿವ್ಯೂ, ಗೊತ್ತಿದೆ. ಆದರೆ ಇದನ್ನು ಹೇಳದೆ ಆ ಕ್ಲಾಸು ಯಾಕೆ ಒಳ್ಳೆಯದು ಅಂತ ಹೇಳಲು ನನಗೆ ಬರುವುದಿಲ್ಲ.

ಆಮೇಲೆ ನಾನೂ ಲಂಬುವೂ ಮಾತಾಡುವುದು ಕಡಿಮೆ ಆಯಿತು. ಜಗಳ ಏನಿಲ್ಲ. ಎದುರು ಸಿಕ್ಕಿದರೆ ಮೂರನೆಯವನು ಇಲ್ಲದ್ದು ಕಾಣುತ್ತಿತ್ತು, ಅಷ್ಟೇ. ಎಸ್ಸೆಸ್ಸೆಲ್ಸಿ ಮುಗಿಸಿ ಅವನು ಬೊಂಬಾಯಿಗೆ ಹೋದ, ಅಲ್ಲಿಂದ ದುಬೈ. ನಾನು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದೆ. ಮದುವೆಗಳಿಗೆ ಕಾಗದ ಹೋಯಿತು, ಬಂತು. ಹಬ್ಬಕ್ಕೆ ಮೊಬೈಲಿನಲ್ಲಿ ದೀಪದ ಚಿತ್ರ. ಇಪ್ಪತ್ತಮೂರು ವರ್ಷ ಹೀಗೆ. ಈ ನಡುವೆ ನಾನು ಮಲ್ಪೆಗೆ ಹೋದರೂ ಮರಳಿನಲ್ಲೇ ನಿಲ್ಲುವವನು, ಹೆಂಡತಿ ಮಕ್ಕಳು ನೀರಿಗಿಳಿದರೆ ಬೆವರುವವನು. ಅವನು ಎಂಟನೇ ಮಹಡಿಯ ಮನೆಯಲ್ಲಿದ್ದರೂ ಕೆಳಗಿನ ಕೊಳಕ್ಕೆ ಮಗಳನ್ನು ಒಂದು ದಿನವೂ ಬಿಟ್ಟವನಲ್ಲ. ಇದು ನನಗೆ ಗೊತ್ತಾದದ್ದು ಆಮೇಲೆ.

2024ರ ಆಗಸ್ಟಿನಲ್ಲಿ ಕಿನ್ನಿಯ ಅಪ್ಪ ತೀರಿಕೊಂಡರು. ಲಂಬು ಅದರ ಹಿಂದಿನ ವರ್ಷವೇ ಊರಿಗೆ ವಾಪಸು ಬಂದು ಸಂತೆಕಟ್ಟೆಯಲ್ಲಿ ಮನೆ ಮಾಡಿದ್ದ. ಉತ್ತರಕ್ರಿಯೆಯ ದಿನ ಊಟಕ್ಕೆ ಪಂಕ್ತಿಯಲ್ಲಿ ಕೂತಾಗ ನನ್ನ ಪಕ್ಕದ ಎಲೆ ಅವನದ್ದು. ಸಾರು ಬಂತು, ಹುಳಿ ಬಂತು, ಪಾಯಸ ಬಂತು, ಇಬ್ಬರೂ ಒಂದು ಮಾತಾಡಲಿಲ್ಲ. ಕೈ ತೊಳೆಯುವಾಗ ಅವನೇ ಹೇಳಿದ: "ಮಗಳಿಗೆ ಒಂಬತ್ತು ವರ್ಷ ಮಾರಾಯ. ಶಾಲೆಯಿಂದ ಈಜಲು ಕರೆದುಕೊಂಡು ಹೋಗ್ತಾರಂತೆ. ನಾನು ಸಹಿ ಹಾಕಲಿಲ್ಲ. ನಿನ್ನೆ ರಾತ್ರಿ ಅವಳು ಕೇಳಿದಳು, ಅಪ್ಪ ನಿಮಗೆ ಈಜು ಬರುತ್ತದಾ ಅಂತ."

ನಾನು ಕೇಳಿದೆ, ನೀನು ಎಂತ ಹೇಳಿದೆ?

"ಎಂತ ಹೇಳುವುದು?" ಅಂದ.

ಮೂರು ತಿಂಗಳ ಮೇಲೆ ಫೋನು ಮಾಡಿ, ದೊಡ್ಡವರ ಬ್ಯಾಚೊಂದು ಇದೆಯಂತೆ, ನೀನು ಬಂದರೆ ನಾನು ಬರುತ್ತೇನೆ ಅಂದ. ನಾನು ಹೂಂ ಅಂದೆ. ಹೂಂ ಅಂದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಈಗ ಕ್ಲಾಸಿನ ವಿಷಯ.

ಮೊದಲ ದಿನ ಒಂದು ಫಾರ್ಮು ತುಂಬಿಸುತ್ತಾರೆ. ಹೆಸರು, ವಯಸ್ಸು, ಬಿಪಿ, ಆಸ್ತಮಾ, ಫಿಟ್ಸು ಇದೆಯಾ, ತುರ್ತಿಗೆ ಯಾರ ನಂಬರು. ತುರ್ತು ನಂಬರಿಗೆ ಎರಡು ಗೆರೆ ಇರುತ್ತದೆ. ನಾನು ಒಂದರಲ್ಲಿ ಹೆಂಡತಿಯ ನಂಬರು ಬರೆದು ಎರಡನೆಯದನ್ನು ಖಾಲಿ ಬಿಟ್ಟೆ, ಲಂಬುವೂ ಹಾಗೇ ಮಾಡಿದ. ಕೊನೆಯಲ್ಲಿ ಒಂದು ಪ್ರಶ್ನೆ: ನೀರಿಗೆ ಸಂಬಂಧಪಟ್ಟು ಹಿಂದೆ ಏನಾದರೂ ಆಗಿದೆಯೇ? ನಾನು ಪೆನ್ನು ಹಿಡಿದು ಕೂತೆ. ಲಂಬು "ಹೌದು" ಅಂತ ಬರೆದು ಕೊಟ್ಟುಬಿಟ್ಟ. ನಾನು ಅವನದನ್ನು ನೋಡಿ ಬರೆದೆ, ಗಣಿತದ ಉತ್ತರ ನೋಡಿ ಬರೆಯುತ್ತಿದ್ದ ಹಾಗೆ.

ಸರ್ ಫಾರ್ಮು ಓದಿದರು. ಇಬ್ಬರದೂ "ಹೌದು" ಇತ್ತಲ್ಲ, ಮುಖ ನೋಡಿದರು. ಏನಾಯಿತು ಅಂತ ಕೇಳಲಿಲ್ಲ. "ನೀವಿಬ್ಬರೂ ಇವತ್ತು ನೀರಿಗಿಳಿಯುವುದು ಬೇಡ, ಇಲ್ಲಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತುಕೊಳ್ಳಿ" ಅಂದರು. ಒಂದು ಗಂಟೆ ಹಾಗೆ ಕೂತೆವು. ದುಡ್ಡು ಕೊಟ್ಟು ಕಾಲು ನೆನೆಸಲು ಬಂದದ್ದಾ ಅಂತ ಯಾರಿಗಾದರೂ ಅನ್ನಿಸಬಹುದು. ನನಗೆ ಆ ದಿನ ಅಷ್ಟೇ ಆಗುತ್ತಿತ್ತು. ಬೇರೆ ಕಡೆ ಕಲಿತ ಗೆಳೆಯರು ಹೇಳುತ್ತಾರೆ, ಮೊದಲ ದಿನವೇ ಹಿಂದಿನಿಂದ ನೂಕಿದರು ಅಂತ. ಇಲ್ಲಿ 21 ದಿನದಲ್ಲಿ ಯಾರನ್ನೂ ನೂಕಿದ್ದು ನೋಡಿಲ್ಲ. ಈ ಒಂದು ಕಾರಣಕ್ಕೇ ನಾನು ಈ ಬ್ಯಾಚನ್ನು ಹೆದರುವವರಿಗೆ ಧೈರ್ಯವಾಗಿ ಹೇಳುತ್ತೇನೆ.

ಎರಡನೇ ದಿನದಿಂದ ಮೂರೂವರೆ ಅಡಿ ನೀರಿನಲ್ಲಿ ಕಂಬಿ ಹಿಡಿದು ನಿಲ್ಲುವುದು. ಮೂಗಿನ ಮಟ್ಟಕ್ಕೆ ಬಗ್ಗಿ ಬಾಯಿಯಿಂದ ಗುಳ್ಳೆ ಬಿಡುವುದು. ಮೂರು ದಿನ ಬರೀ ಗುಳ್ಳೆ. ಉಸಿರು ನೀರಿನೊಳಗೆ ಬಿಡಬೇಕು, ಮೇಲೆ ಬಂದಾಗ ಎಳೆದುಕೊಳ್ಳಬೇಕು, ಹೆದರುವವರು ಉಸಿರು ಕಟ್ಟಿ ಹಿಡಿದುಕೊಳ್ಳುತ್ತಾರೆ, ಅಲ್ಲೇ ಎಲ್ಲ ತಪ್ಪುವುದು ಅಂತ ಸರ್ ಹೇಳುತ್ತಿದ್ದರು. ಮುಖ ನೀರಿಗೆ ಇಳಿಸಿದ ಕೂಡಲೇ ನನಗೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಎದೆ ಡಬಡಬ. ಎರಡು ಸಲ ಹೊರಗೆ ಬಂದು ಕೂತೆ. ಲಂಬು ಏನೂ ಹೇಳದೆ ತಾನೂ ಹೊರಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದ. ನಾನು ಇಳಿದರೆ ಇಳಿಯುತ್ತಿದ್ದ.

ಆರನೇ ದಿನ ತೇಲುವುದು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಡೀ ಕ್ಲಾಸಿನ ಜೀವ ಇದೇ. ಅಂಗಾತ ಮಲಗಬೇಕು. ಕಿವಿ ನೀರಿನೊಳಗೆ ಹೋಗುವ ತನಕ ತಲೆ ಹಿಂದಕ್ಕೆ ಬಿಡಬೇಕು, ಹೊಟ್ಟೆ ಮೇಲಕ್ಕೆ ತರಬೇಕು, ಎದೆ ತುಂಬಾ ಉಸಿರು ಇಟ್ಟುಕೊಳ್ಳಬೇಕು. ಶ್ವಾಸಕೋಶದಲ್ಲಿ ಗಾಳಿ ಇದ್ದರೆ ಹೆಚ್ಚಿನವರು ಸುಮ್ನೆ ತೇಲುತ್ತಾರೆ, ಉಪ್ಪು ನೀರಿನಲ್ಲಿ ಇನ್ನೂ ಸುಲಭ. ತಲೆ ಎತ್ತಿ ಕಾಲು ನೋಡಲು ಹೋದರೆ ಸೊಂಟ ಕೆಳಗೆ ಹೋಗುತ್ತದೆ, ಎಲ್ಲರೂ ಮಾಡುವ ತಪ್ಪು ಅದು. ಒಬ್ಬರು ಮಲಗಿದರೆ ಇನ್ನೊಬ್ಬರು ಬೆನ್ನಿನ ಕೆಳಗೆ ಅಂಗೈ ಇಟ್ಟು ನಿಲ್ಲಬೇಕು, ಎತ್ತಿ ಹಿಡಿಯಬಾರದು, ಸುಮ್ನೆ ಇಡಬೇಕು ಅಷ್ಟೇ. ಸರ್ ಜೋಡಿ ಮಾಡಿದರು. ನನಗೆ ಲಂಬು.

ಅವನ ಕೈ ನಡುಗುತ್ತಿತ್ತು. ಬೆನ್ನಿಗೆ ಗೊತ್ತಾಗುತ್ತಿತ್ತು. "ಬಿಡ್ಬೇಡ" ಅಂದೆ. "ಬಿಡುವುದಿಲ್ಲ" ಅಂದ. ಮತ್ತೆ, ಯಾರೂ ಕೇಳದೆ, ಇನ್ನೊಂದು ಸಲ "ಬಿಡುವುದಿಲ್ಲ" ಅಂದ. ಅವನ ಮುಖ ನನ್ನ ಮೇಲೆ ತಲೆಕೆಳಗಾಗಿ ಕಾಣುತ್ತಿತ್ತು, ಹಿಂದೆ ಆಕಾಶ, ಒಂದು ಹದ್ದು ಸುತ್ತುತ್ತಿತ್ತು. ಕಣ್ಣಿಂದ ನೀರು ಇಳಿದು ಅವನ ಗಲ್ಲದಿಂದ ನನ್ನ ಹಣೆಯ ಮೇಲೆ ಬಿತ್ತು. ಕೊಳದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಬಿಡಿ, ಎಲ್ಲರ ಮುಖವೂ ಒದ್ದೆ.

ಸರ್‌ಗೆ ಗೊತ್ತಾಗಿತ್ತು. ಕ್ಲಾಸು ಮುಗಿದ ಮೇಲೆ ಕರೆದು ಒಂದು ಚೀಟಿಯಲ್ಲಿ 14416 ಅಂತ ಬರೆದು ಕೊಟ್ಟರು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. "ನೀರಿನ ಹೆದರಿಕೆ ನಾನು ಬಿಡಿಸಬಹುದು, ಉಳಿದದ್ದಕ್ಕೆ ಅವರ ಹತ್ತಿರ ಮಾತಾಡಿ, ಕನ್ನಡದಲ್ಲೇ ಮಾತಾಡ್ತಾರೆ" ಅಂದರು. ಲಂಬು ಮಾಡಿದ. ಮೂರು ಸಲ ಮಾತಾಡಿದ. ಏನು ಮಾತಾಡಿದ ಅಂತ ನಾನು ಕೇಳಿಲ್ಲ, ಅವನು ಆಮೇಲೆ ನಿದ್ದೆ ಮಾಡುತ್ತಿದ್ದಾನೆ ಅಂತ ಅವನ ಹೆಂಡತಿ ಹೇಳಿದಳು. ಈಜು ಕಲಿಸುವವರು ಹೀಗೊಂದು ನಂಬರು ಕೊಡುತ್ತಾರೆ ಅಂತ ನಾನು ಎಣಿಸಿರಲಿಲ್ಲ.

ಕ್ಲಾಸಿನ ಮೇಲೆ ಹೊರಗಿನ ಗೂಡಂಗಡಿಯಲ್ಲಿ ಚಾ, ಬನ್ಸು. ಈಜಿ ಬಂದ ಹೊಟ್ಟೆಗೆ ಬಿಸಿ ಬನ್ಸಿನ ಬಾಳೆಹಣ್ಣಿನ ಸಿಹಿ ಎಷ್ಟು ಹಿಡಿಸುತ್ತದೆ ಅಂದರೆ, ದಿನಾ ಎರಡೆರಡು. ಮಾತು ಶುರುವಾದದ್ದು ಅಲ್ಲಿ. ಮೊದಮೊದಲು ಶಾಲೆಯ ಮಾತು, ಯಾವ ಮೇಷ್ಟ್ರು ಹೇಗೆ ಹೊಡೆಯುತ್ತಿದ್ದರು, ಕಿನ್ನಿ ಅವರ ದನಿಯಲ್ಲಿ ಹೇಗೆ ಮಾತಾಡುತ್ತಿದ್ದ. ಅವನ ಹೆಸರು ನಮ್ಮಿಬ್ಬರ ಬಾಯಲ್ಲಿ ಅಷ್ಟು ವರ್ಷದಲ್ಲಿ ಬಂದದ್ದು ಅದೇ ಮೊದಲು. ಒಂದು ಸಲ ಬಂದ ಮೇಲೆ ನಿಲ್ಲಲೇ ಇಲ್ಲ.

ಹನ್ನೆರಡನೇ ದಿನ ನೀರಿಗಿಳಿಸಲಿಲ್ಲ, ಕಟ್ಟೆಯ ಮೇಲೆ ಕೂರಿಸಿ ಪಾಠ ಮಾಡಿದರು. ಇದಕ್ಕೆ ಬೇರೆ ಅಂಕ ಕೊಡುವ ಹಾಗಿದ್ದರೆ ಐದಕ್ಕೆ ಐದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ, ನಾಲ್ಕರಲ್ಲಿ ಒಬ್ಬರು ಐದು ವರ್ಷದೊಳಗಿನ ಮಕ್ಕಳು ಅಂತ ಶುರು ಮಾಡಿದರು. ಆಮೇಲೆ ಹೇಳಿದರು, "ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂತ ನಾವು ಸಿನಿಮಾದಲ್ಲಿ ನೋಡಿದ್ದು. ನಿಜವಾಗಿ ಹೆಚ್ಚಿನವರು ಕೂಗುವುದಿಲ್ಲ. ಬಾಯಿ ನೀರಿನಿಂದ ಮೇಲೆ ಬಂದ ಅಷ್ಟು ಹೊತ್ತಿನಲ್ಲಿ ಉಸಿರು ಎಳೆಯಲೇ ಪುರುಸೊತ್ತಿರುವುದಿಲ್ಲ, ಕೂಗುವುದು ಎಲ್ಲಿಂದ? ಕೈ ಮೇಲೆ ಬರುವುದಿಲ್ಲ, ನೀರನ್ನು ಕೆಳಗೆ ಒತ್ತುತ್ತಾ ಇರುತ್ತದೆ. ತಲೆ ಹಿಂದೆ ವಾಲಿ ಬಾಯಿ ತೆರೆದಿರುತ್ತದೆ. ಪಕ್ಕದಲ್ಲಿದ್ದವರಿಗೆ ಆಟ ಆಡುತ್ತಿದ್ದಾರೆ ಅನ್ನಿಸುತ್ತದೆ. ದೊಡ್ಡವರಿಗೇ ಗೊತ್ತಾಗುವುದಿಲ್ಲ."

ನಾನು ಎದ್ದು ಹೋದೆ. ಶವರಿನ ಹತ್ತಿರ ಗೋಡೆ ಹಿಡಿದು ನಿಂತೆ. ನಕ್ಕಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ ಇಲ್ಲ, ಹೆಂಡತಿಗೂ ಇಲ್ಲ. ಲಂಬು ಬಂದು ನಿಂತ. ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ನಕ್ಕದ್ದು ನನಗೆ ಗೊತ್ತುಂಟು. ನನಗೆ ಅದು ಯಾವತ್ತೂ ಬೇಜಾರಾಗಲಿಲ್ಲ. ನಾನು ಕೈ ಬಿಟ್ಟದ್ದೇ ನೆನಪು" ಅಂದ. ಇಪ್ಪತ್ತಮೂರು ವರ್ಷ ನಾನು ಅವನ ಎದುರು ನಿಲ್ಲದಿದ್ದದ್ದು, ನಾನು ನಕ್ಕದ್ದನ್ನು ಅವನು ನೋಡಿದ್ದಾನೆ ಅಂತ. ಅವನು ನನ್ನ ಎದುರು ನಿಲ್ಲದಿದ್ದದ್ದು, ಅವನು ಕೈ ಬಿಟ್ಟದ್ದನ್ನು ನಾನು ನೋಡಿದ್ದೇನೆ ಅಂತ. ನಾನು ನೋಡಿದ್ದು ಅವನು ಹೋಗಿ ಹಿಡಿದದ್ದು. ಅದನ್ನೇ ಹೇಳಿದೆ ಅವನಿಗೆ.

ವಾಪಸು ಹೋಗಿ ಕೂತೆವು. ಸರ್ ಪಾಠ ನಿಲ್ಲಿಸಿರಲಿಲ್ಲ, ಅದೂ ಒಳ್ಳೆಯದಾಯಿತು. ಮುಳುಗುವವರಿಗೆ ಈಜು ಗೊತ್ತಿಲ್ಲದವರು ಕೈ ಕೊಡಲೇಬಾರದು, ಸಿಕ್ಕಿದ್ದನ್ನು ಹಿಡಿದು ಮೇಲೆ ಹತ್ತಲು ನೋಡುತ್ತಾರೆ, ಬೇಕಂತ ಅಲ್ಲ, ಮೈ ಹಾಗೆ ಮಾಡುತ್ತದೆ. ಕೋಲು ಚಾಚಿ, ಹಗ್ಗ ಎಸೆಯಿರಿ, ಲುಂಗಿ ಬಿಚ್ಚಿ ಎಸೆಯಿರಿ, ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನು ಎಸೆಯಿರಿ. ಬೊಬ್ಬೆ ಹಾಕಿ ಜನ ಸೇರಿಸಿ, 112ಕ್ಕೆ ಫೋನು ಮಾಡಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡುವುದು ಬೇಡ, ಅದರಲ್ಲಿ ಹೊತ್ತು ಹಾಳು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, ಹಾಗೇ ಮುಂದುವರಿಸಿ. ಬೊಂಬೆ ಇಟ್ಟು ಎಲ್ಲರಿಂದಲೂ ಮಾಡಿಸಿದರು. ಸಮುದ್ರದಲ್ಲಿ ಸೆಳೆತ ಹೊರಗೆ ಎಳೆದರೆ ದಡದ ಕಡೆಗೆ ಎದುರು ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ಸೆಳೆತ ತಪ್ಪಿದ ಮೇಲೆ ಒಳಗೆ ಬನ್ನಿ ಅಂದರು. ಮಲ್ಪೆಯಲ್ಲಿ ಮಳೆಗಾಲಕ್ಕೆ ಬಲೆ ಕಟ್ಟಿ ನೀರಿಗಿಳಿಯದ ಹಾಗೆ ತಡೆಯುತ್ತಾರಲ್ವಾ, ಅದನ್ನು ದಾಟಿ ಫೋಟೋ ತೆಗೆಯುವವರಿಗೆ ಬೈದರು.

ಬೊಂಬೆಯ ಎದೆ ಒತ್ತುವಾಗ ಲಂಬು ಕೇಳಿಬಿಟ್ಟ, "ಅರ್ಧ ಗಂಟೆ ಆದ ಮೇಲೆ ಸಿಕ್ಕಿದರೆ, ಸರ್?" ಅವರು ಅವನ ಭುಜದ ಮೇಲೆ ಕೈ ಇಟ್ಟು, "ಅಷ್ಟು ಹೊತ್ತು ನೀರೊಳಗೆ ಇದ್ದರೆ ದೊಡ್ಡ ಡಾಕ್ಟರ್ ದಂಡೆಯಲ್ಲೇ ನಿಂತಿದ್ದರೂ ಕಷ್ಟ ಇತ್ತು. ನಿಮಗೆ ಆಗ ಎಷ್ಟು ವರ್ಷ?" ಅಂದರು. ಹದಿನಾಲ್ಕು. "ಹದಿನಾಲ್ಕು" ಅಂತ ಅವರೂ ಒಂದು ಸಲ ಹೇಳಿದರು.

ಉಳಿದ ದಿನಗಳು ಬೇಗ ಹೋದವು. ಕಿಕ್ ಬೋರ್ಡು ಹಿಡಿದು ಕಾಲು ಬಡಿಯುವುದು, ಕೈ, ಉಸಿರು, ಕೈ, ಉಸಿರು. ಹತ್ತೊಂಬತ್ತನೇ ದಿನ ಲಂಬು ನಿಲ್ಲದೆ 25 ಮೀಟರ್ ದಾಟಿದ. ನಾನು ಕೊನೆಯ ದಿನ, ನಡುವೆ ಒಂದು ಸಲ ಅಂಗಾತ ತಿರುಗಿ ತೇಲಿ ಸುಧಾರಿಸಿಕೊಂಡು. ಅದನ್ನೂ ಸರ್ ಲೆಕ್ಕಕ್ಕೆ ಹಿಡಿದರು. ಸುಸ್ತಾದರೆ ತೇಲಲು ಗೊತ್ತಿರಬೇಕು, ವೇಗಕ್ಕಿಂತ ಅದು ಮುಖ್ಯ ಅಂತ ಅವರ ಅಭಿಪ್ರಾಯ, ನನ್ನದೂ.

ಸರಿ ಇಲ್ಲದ್ದು: ಬಟ್ಟೆ ಬದಲಿಸುವ ಕೋಣೆ ಚಿಕ್ಕದು, ನೆಲ ಜಾರುತ್ತದೆ, ಎರಡು ಬಾಗಿಲಿಗೆ ಚಿಲಕ ಇಲ್ಲ. ಅರವತ್ತು ದಾಟಿದವರು ಬರುವ ಕಡೆ ಒಂದು ಹಿಡಿಕೆಯಾದರೂ ಬೇಕಿತ್ತು. ಸೋಮವಾರ ಕ್ಲೋರಿನ್ ಜಾಸ್ತಿ ಇರುತ್ತದೆ, ಕಣ್ಣು ಉರಿಯುತ್ತದೆ, ಗಾಗಲ್ಸು ಒಳ್ಳೆಯದೇ ತನ್ನಿ. ಬೆಳಿಗ್ಗೆ ಏಳರ ಮೇಲೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಹೆಂಗಸರಿಗೇ ಬೇರೆ ಬ್ಯಾಚು ಇರುವುದು ಮಧ್ಯಾಹ್ನ ಮಾತ್ರ, ಕೆಲಸಕ್ಕೆ ಹೋಗುವವರಿಗೆ ಆಗುವುದಿಲ್ಲ, ಇದನ್ನು ಬದಲಿಸಬೇಕು ಅಂತ ಟೀಚರಮ್ಮ ಅರ್ಜಿ ಬರೆದು ಕೊಟ್ಟಿದ್ದಾರೆ, ನಾವೆಲ್ಲ ಸಹಿ ಹಾಕಿದ್ದೇವೆ.

ಕೊನೆಯ ದಿನ ಕ್ಲಾಸು ಮುಗಿಸಿ ಸೀದಾ ಕಿನ್ನಿಯ ಮನೆಗೆ ಹೋದೆವು. ಹೋಗುವುದು ಅಂತ ಮೊದಲೇ ಮಾತಾಡಿಕೊಂಡಿರಲಿಲ್ಲ, ಲಂಬು ಗಾಡಿ ಆ ಕಡೆ ತಿರುಗಿಸಿದ, ನಾನು ಕೇಳಲಿಲ್ಲ. ಅಮ್ಮ ಒಬ್ಬರೇ ಇದ್ದರು, ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ಅವರನ್ನು ನಾವು ಆಗಲೂ ಅಮ್ಮ ಅನ್ನುತ್ತಿದ್ದದ್ದು, ಈಗಲೂ ಅದೇ. ನಮ್ಮ ಒದ್ದೆ ತಲೆ ನೋಡಿ "ಎಲ್ಲಿಗೆ ಹೋಗಿದ್ದಿರಿ ಮಕ್ಕಳೇ?" ಅಂದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಲಂಬು ಹೇಳಿದ, ಈಜು ಕಲಿತೆವು ಅಂತ.

ಅವರು ಅಡಿಕೆ ಹರಡುವುದನ್ನು ನಿಲ್ಲಿಸಿದರು. "ಎಷ್ಟು ದೂರ ಹೋಗ್ತೀರಿ?"

ಇಪ್ಪತ್ತೈದು ಮೀಟರ್.

"ಅಂದರೆ ಎಷ್ಟು?"

ಲಂಬು ತುಳಸಿಕಟ್ಟೆಯ ಹತ್ತಿರ ನಿಂತು ದೊಡ್ಡ ಹೆಜ್ಜೆ ಹಾಕುತ್ತಾ ಅಂಗಳ ದಾಟಿ, ತೋಟಕ್ಕಿಳಿದು, ಎರಡನೇ ತೆಂಗಿನಮರದ ಹತ್ತಿರ ಹೋಗಿ ನಿಂತ. ಅಮ್ಮ ತುಳಸಿಕಟ್ಟೆಯನ್ನೂ ನೋಡಿದರು, ಅವನನ್ನೂ ನೋಡಿದರು. ತುಂಬಾ ಹೊತ್ತು ನೋಡಿದರು. "ಇಷ್ಟೇ ದೂರ ಇತ್ತು ದಂಡೆ" ಅಂದರು. ಆಮೇಲೆ, "ಬನ್ನಿ, ತಲೆ ಒರೆಸಿಕೊಳ್ಳಿ, ಶೀತ ಆಗ್ತದೆ" ಅಂತ ಒಳಗೆ ಹೋಗಿ ಒಂದು ಬೈರಾಸು ತಂದರು. ಒಂದೇ ಬೈರಾಸು, ಹಿಂದಿನ ಹಾಗೆ ಇಬ್ಬರಿಗೂ. ಗಂಜಿ ಹಾಕಿದರು, ಉಪ್ಪಿನಕಾಯಿ, ಸುಟ್ಟ ಹಪ್ಪಳ. ಊಟ ಮಾಡುವಾಗ ಅವನ ಸುದ್ದಿ ಹೇಳುತ್ತಾ ಹೋದರು, ನಮಗೆ ಗೊತ್ತಿಲ್ಲದ ಎಷ್ಟೋ. ಐದು ವರ್ಷದವನಿರುವಾಗ ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಮಲಗಿ ಇಡೀ ಮನೆಯವರು ಹುಡುಕಿದ್ದು. ಇಷ್ಟು ವರ್ಷ ಇದನ್ನೆಲ್ಲ ಹೇಳಲು ಅವರಿಗೂ ಯಾರೂ ಸಿಕ್ಕಿರಲಿಲ್ಲ. ಈಗ ತಿಂಗಳಿಗೊಂದು ಭಾನುವಾರ ಹೋಗುತ್ತೇವೆ.

ಮಕ್ಕಳ ಬೇಸಿಗೆ ಬ್ಯಾಚಿಗೆ ಏಪ್ರಿಲಿನಲ್ಲಿ ಹೆಸರು ಬರೆಸಿಕೊಳ್ಳುತ್ತಾರೆ. ಬೇಗ ತುಂಬುತ್ತದೆ, ಬೇಕಾದವರು ಮಾರ್ಚಿನಲ್ಲೇ ಹೋಗಿ ಕೇಳಿ. ಲಂಬುವಿನ ಮಗಳ ಫಾರ್ಮು ನಾವಿಬ್ಬರೂ ಹೋಗಿ ತುಂಬಿ ಬಂದೆವು. ಅದೇ ಫಾರ್ಮು, ಅದೇ ಪ್ರಶ್ನೆಗಳು. ತುರ್ತು ನಂಬರಿನ ಮೊದಲ ಗೆರೆಯಲ್ಲಿ ಅವನು ತನ್ನದು ಬರೆದ. ಎರಡನೆಯದಕ್ಕೆ ಪೆನ್ನು ನನ್ನ ಕೈಗೆ ಕೊಟ್ಟ, ನಾನು ನನ್ನ ನಂಬರು ಬರೆದೆ.